ಕ್ನೋಸಸ್ಸಿನ ನೀಲಿ ಹುಡುಗ

ಕ್ನೋಸಸ್ ಅರಮನೆಯ ಉತ್ತರ ದ್ವಾರದಲ್ಲಿ ಕೆಂಪು ಕಂಬಗಳ ಒಂದು ಸಾಲಿದೆ. ಅದರ ಹಿಂದಿನ ಗೋಡೆಯಲ್ಲಿ ನುಗ್ಗಿ ಬರುತ್ತಿರುವ ಗೂಳಿಯ ಉಬ್ಬುಚಿತ್ರ. ಗ್ರೀಸಿನ ಕ್ರೀಟ್ ದ್ವೀಪದ ಮೇಲೆ ಬಂದ ಪುಸ್ತಕಗಳ ಹೊದಿಕೆಯಲ್ಲಿ ಹೆಚ್ಚಾಗಿ ಕಾಣುವುದು ಇದೇ ನೋಟ. ನಾನು ಅದನ್ನು ಮೊದಲು ಕಂಡಿದ್ದು ಬಿ.ಎ. ಓದುವಾಗ, ಕಾಲೇಜು ಲೈಬ್ರರಿಯ ಒಂದು ಹರಿದ ಪುಸ್ತಕದಲ್ಲಿ. ನಿವೃತ್ತಿಯಾಗಿ ನಾಲ್ಕು ವರ್ಷದ ಮೇಲೆ, ಕಳೆದ ಸೆಪ್ಟೆಂಬರಿನ ಕೊನೆಯ ವಾರದಲ್ಲಿ ಅದರ ಮುಂದೆ ನಿಂತಿದ್ದೆ. "ಮೂರೂವರೆ ಸಾವಿರ ವರ್ಷ ಕಣಮ್ಮ" ಎಂದೆ. ಪಕ್ಕದಲ್ಲಿದ್ದ ಮಗಳು ಕತ್ತೆತ್ತಿ ತೊಲೆಯನ್ನು ನೋಡಿದಳು. "ಅಪ್ಪ, ಇದು ಆರ್‌ಸಿಸಿ" ಎಂದಳು. "ನೂರು ವರ್ಷ ಆಗಿದ್ರೆ ಹೆಚ್ಚು. ಅಲ್ಲಿ ನೋಡು, ಒಳಗಿನ ಕಂಬಿ ತುಕ್ಕು ಹಿಡಿದು ಸಿಮೆಂಟು ಬಾಯಿ ಬಿಟ್ಟಿದೆ."

ಅವಳು ಸ್ಟ್ರಕ್ಚರಲ್ ಎಂಜಿನಿಯರ್, ಕೆಲಸ ಜರ್ಮನಿಯಲ್ಲಿ. ರಜೆ ಹಾಕಿ ನನ್ನನ್ನು ಕ್ರೀಟಿಗೆ ಕರೆದುಕೊಂಡು ಬಂದಿದ್ದಳು. ಬೆಳಿಗ್ಗೆ ನನ್ನ ಕಲ್ಲುಗಳು, ಮಧ್ಯಾಹ್ನದ ಮೇಲೆ ಅವಳ ಸಮುದ್ರ ಎಂದು ಒಪ್ಪಂದವಾಗಿತ್ತು. ಆ ತೊಲೆಯ ವಿಷಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಕ್ನೋಸಸ್ಸಿನ ಬಹುಭಾಗ ಮರುನಿರ್ಮಾಣವೆಂದು ಓದಿದ್ದೆ. ಆದರೂ ಕಣ್ಣೆದುರಿಗೆ ಕೆಂಪು ಕಂಬ ನಿಂತಾಗ ಓದಿದ್ದು ಮರೆತುಹೋಯಿತು. ಇಡಿಯಾಗಿ ನಿಂತಿರುವ ವಸ್ತುವಿಗೆ ಇಂಥ ಒಂದು ಶಕ್ತಿಯಿದೆ. ಅದು ನಮ್ಮ ಅನುಮಾನವನ್ನು ಸುಮ್ಮನಾಗಿಸುತ್ತದೆ. ಈ ಬರಹ ಆ ಶಕ್ತಿಯ ಬಗ್ಗೆ. ನಾನೂ ಒಮ್ಮೆ ಅದನ್ನು ಬಳಸಿಕೊಂಡಿದ್ದೇನೆ. ಆ ವಿಷಯವನ್ನು ಸಮಯ ಬಂದಾಗ ಹೇಳುತ್ತೇನೆ.

ಮೊದಲು ಕ್ನೋಸಸ್. ಹೆರಾಕ್ಲಿಯನ್ ಪಟ್ಟಣದಿಂದ ದಕ್ಷಿಣಕ್ಕೆ ಐದು ಕಿಲೋಮೀಟರ್ ದೂರದ ಈ ದಿಬ್ಬವನ್ನು ಮೊದಲು ಅಗೆದವನು ಆ ಊರಿನ ವರ್ತಕ ಮಿನೋಸ್ ಕಲೋಕೈರಿನೋಸ್, 1878ರಲ್ಲಿ. ಪುರಾಣದ ರಾಜನ ಹೆಸರನ್ನೇ ಇಟ್ಟುಕೊಂಡಿದ್ದ ಅವನನ್ನು ಇಂದು ನೆನೆಯುವವರು ಕಡಿಮೆ. ಆಗ ದ್ವೀಪ ಆಟೊಮನ್ ತುರ್ಕರ ಕೈಯಲ್ಲಿತ್ತು. ಸಿಕ್ಕ ವಸ್ತುಗಳು ಇಸ್ತಾಂಬುಲ್ಲಿಗೆ ಹೋದಾವೆಂದು ಹೆದರಿದ ಸ್ಥಳೀಯರೇ ಉತ್ಖನನವನ್ನು ನಿಲ್ಲಿಸಿದರು. ಕ್ರೀಟ್ ಸ್ವಾಯತ್ತವಾದ ಮೇಲೆ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನ ಮುಖ್ಯಸ್ಥ ಆರ್ಥರ್ ಇವಾನ್ಸ್ ಜಮೀನನ್ನೇ ಕೊಂಡು 1900ರಲ್ಲಿ ಅಗೆತ ಆರಂಭಿಸಿದ. ಕೆಲವೇ ವಾರಗಳಲ್ಲಿ ಜಿಪ್ಸಮ್ ಕಲ್ಲಿನ ಒಂದು ಪೀಠ ಸಿಕ್ಕಿತು. ಅದು ಸಿಂಹಾಸನವಾಯಿತು, ಅದಿದ್ದ ಕೋಣೆ ಸಿಂಹಾಸನದ ಕೋಣೆಯಾಯಿತು. ಇನ್ನೊಂದು ಕಡೆ ಸಿಕ್ಕ ಅಂಗಳ ರಾಣಿವಾಸವಾಯಿತು. ಇಡೀ ನಾಗರಿಕತೆಗೆ ಮಿನೋವನ್ ಎಂಬ ಹೆಸರು ರೂಢಿಯಾದದ್ದೂ ಅವನಿಂದಲೇ. ಅಲ್ಲಿದ್ದ ಜನ ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೆಂದು ಯಾರಿಗೂ ತಿಳಿಯದು.

ಇವಾನ್ಸನನ್ನು ಗೇಲಿ ಮಾಡುವುದು ಸುಲಭ. ಇವೆಲಿನ್ ವಾ ಎಂಬ ಇಂಗ್ಲಿಷ್ ಕಾದಂಬರಿಕಾರ 1930ರಷ್ಟು ಹಿಂದೆಯೇ ಅದನ್ನು ಮಾಡಿದ್ದ. ಇಲ್ಲಿನ ಭಿತ್ತಿಚಿತ್ರಗಳನ್ನು ಸರಿಪಡಿಸಿದವರಿಗೆ ವೋಗ್ ಪತ್ರಿಕೆಯ ಮುಖಪುಟದ ಮೋಹವಿತ್ತು ಎಂಬರ್ಥದ ಮಾತು ಅವನದು. ಆದರೆ ಇವಾನ್ಸನ ಕಷ್ಟವೂ ನಿಜವಾದದ್ದು. ಜಿಪ್ಸಮ್ ಮಳೆಗೆ ಕರಗುವ ಕಲ್ಲು. ಮೂರೂವರೆ ಸಾವಿರ ವರ್ಷ ಮಣ್ಣಿನಡಿ ಉಳಿದದ್ದು ಬಯಲಿಗೆ ಬಂದ ಕೂಡಲೇ ಸವೆಯಲು ಶುರುವಾಯಿತು. ಮಹಾ ಮೆಟ್ಟಿಲಿನ ಮೇಲಂತಸ್ತು ಕುಸಿಯುವಂತಿತ್ತು, ಏಕೆಂದರೆ ಅದನ್ನು ಹೊತ್ತಿದ್ದ ಮರದ ಕಂಬಗಳು ಸುಟ್ಟು ಕರಿಯಾಗಿದ್ದವು. ಮೊದಲು ಮರದ ಆಧಾರ ಕೊಟ್ಟರು, ಅದು ಕೊಳೆಯಿತು. 1920ರ ದಶಕದಲ್ಲಿ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್ ಬಂತು. 1926ರ ಭೂಕಂಪವನ್ನು ಆ ಕಾಂಕ್ರೀಟ್ ತಾಳಿಕೊಂಡಿತು. "ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ, ಬೀಳೋ ಮೆಟ್ಟಿಲನ್ನ ನಿಲ್ಲಿಸಬೇಕಲ್ಲ" ಎಂದಳು ಮಗಳು. "ಆದರೆ ಆಧಾರಕ್ಕೆ ಕೊಟ್ಟ ಕಂಬಕ್ಕೆ ಬಣ್ಣ ಹೊಡೆದು ಹಳೇದು ಅನ್ನಿಸ್ತಿರಲಿಲ್ಲ."

ಅವಳ ಈ ಮಾತಿನಲ್ಲಿ ಇಡೀ ವಿಮರ್ಶೆಯ ಬೀಜವಿದೆ. ಬೀಳುವುದನ್ನು ನಿಲ್ಲಿಸುವುದು ಬೇರೆ, ಇಲ್ಲದ್ದನ್ನು ಇದ್ದಂತೆ ತೋರಿಸುವುದು ಬೇರೆ. ಇವಾನ್ಸ್ ಮೊದಲನೆಯದರಿಂದ ಎರಡನೆಯದಕ್ಕೆ ಎಲ್ಲಿ ದಾಟಿದನೆಂದು ಕ್ನೋಸಸ್ಸಿನಲ್ಲಿ ನಡೆಯುವವರಿಗೆ ಕಾಣುವುದಿಲ್ಲ. ಗೆರೆಯೇ ಇಲ್ಲ. 1964ರ ವೆನಿಸ್ ಸನ್ನದು ಸ್ಮಾರಕಗಳ ದುರಸ್ತಿಗೆ ಒಂದು ನಿಯಮ ಹಾಕಿತು: ಹೊಸದಾಗಿ ತುಂಬಿದ ಭಾಗ ಒಟ್ಟಿಗೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತು ಸಿಗಬೇಕು. ನಮ್ಮ ಶಾಸನ ಸಂಪಾದಕರು ಇದೇ ನಿಯಮವನ್ನು ಅದಕ್ಕಿಂತ ಬಹಳ ಮುಂಚೆಯೇ ಪಾಲಿಸುತ್ತಿದ್ದರು. ಎಪಿಗ್ರಾಫಿಯಾ ಕರ್ನಾಟಿಕಾದ ಯಾವ ಸಂಪುಟ ತೆರೆದರೂ ಅಕ್ಷರ ಅಳಿಸಿಹೋದ ಕಡೆ ಚುಕ್ಕಿಗಳಿರುತ್ತವೆ. ಸಾಲಿನ ಮಧ್ಯೆ ಚುಕ್ಕಿ, ಕೆಲವೊಮ್ಮೆ ಸಾಲಿಗೆ ಸಾಲೇ ಚುಕ್ಕಿ. ಎಂ.ಎ. ತರಗತಿಯಲ್ಲಿ ನಮಗೆ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ' ಪಠ್ಯವಾಗಿತ್ತು. ತ್ರುಟಿತ, ಪಾಠಾಂತರ, ಪ್ರಕ್ಷೇಪ ಎಂಬ ಮಾತುಗಳನ್ನು ಆಗ ಬಾಯಿಪಾಠ ಮಾಡಿದ್ದೆವು. ಬೇರೆಯವರು ಸೇರಿಸಿದ ಪದ್ಯ ಮೂಲದಲ್ಲಿ ಸೇರಿಹೋದರೆ ಅದು ಪ್ರಕ್ಷೇಪ. ಕ್ನೋಸಸ್ಸಿನ ಅರಮನೆ ಸಿಮೆಂಟಿನಲ್ಲಿ ಮಾಡಿದ ಪ್ರಕ್ಷೇಪ.

ಮಧ್ಯಾಹ್ನ ಹೆರಾಕ್ಲಿಯನ್ನಿನ ಮ್ಯೂಸಿಯಮ್ಮಿಗೆ ಹೋದೆವು. ಭಿತ್ತಿಚಿತ್ರಗಳು ಮಹಡಿಯ ಮೇಲಿವೆ. 'ಲಿಲ್ಲಿ ಹೂಗಳ ರಾಜಕುಮಾರ' ಎಂಬ ಪ್ರಖ್ಯಾತ ಚಿತ್ರದ ಹತ್ತಿರ ಹೋಗಿ ನೋಡಿದರೆ ನಿಜವಾಗಿ ಸಿಕ್ಕಿರುವುದು ಕೆಲವೇ ತುಂಡುಗಳೆಂದು ಗೊತ್ತಾಗುತ್ತದೆ. ಕಿರೀಟದ ಒಂದು ಭಾಗ, ಎದೆ, ತೊಡೆ, ಕಾಲಿನ ಒಂದಷ್ಟು. ಉಳಿದ ಮೈಯನ್ನು ಬರೆದವರು ಇವಾನ್ಸ್ ನೇಮಿಸಿದ್ದ ಎಮಿಲ್ ಗಿಲಿಯೆರೋನ್ ಎಂಬ ಒಂದೇ ಹೆಸರಿನ ತಂದೆ ಮಗ. ಈ ತುಂಡುಗಳು ಒಬ್ಬನಿಗೇ ಸೇರಿದವಲ್ಲ, ಬೇರೆ ಬೇರೆ ವ್ಯಕ್ತಿಗಳ ಚಿತ್ರಗಳಿಂದ ಬಂದವು ಎಂದು ಅನೇಕ ವಿದ್ವಾಂಸರು ವಾದಿಸಿದ್ದಾರೆ. ಹಾಗಿದ್ದರೆ ಈ ರಾಜಕುಮಾರ ಎಂದೂ ಇರಲೇ ಇಲ್ಲ.

ಆದರೆ ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಇನ್ನೊಂದು ಚಿತ್ರ. ಹೂವಿನ ನಡುವೆ ಬಗ್ಗಿದ ಒಂದು ನೀಲಿ ದೇಹ. ತುಂಡುಗಳು ಸಿಕ್ಕಾಗ ಅವುಗಳಲ್ಲಿ ತಲೆಯಿರಲಿಲ್ಲ. ಇವಾನ್ಸ್ ಅದನ್ನು ಕೇಸರಿ ಹೂ ಕೀಳುತ್ತಿರುವ ಹುಡುಗನೆಂದು ಓದಿದ. ಹಾಗೆಯೇ ಬರೆಸಿದ. ಹುಡುಗನ ಮೈ ನೀಲಿಯೇಕೆ ಎಂಬುದಕ್ಕೂ ಏನೋ ಸಮಾಧಾನ ಹುಡುಕಿಕೊಂಡ. ನೀಲಿ ಹುಡುಗ ದಶಕಗಳ ಕಾಲ ಪುಸ್ತಕಗಳಲ್ಲಿ ಹೂ ಕೀಳುತ್ತಲೇ ಇದ್ದ. 1940ರ ದಶಕದಲ್ಲಿ ನಿಕೋಲಾಓಸ್ ಪ್ಲಾಟೋನ್ ಎಂಬ ಗ್ರೀಕ್ ಪುರಾತತ್ತ್ವಜ್ಞ ತುಂಡುಗಳನ್ನು ಮತ್ತೆ ನೋಡಿ, ಅಲ್ಲಿರುವುದು ಬಾಲ ಎಂದು ಗುರುತಿಸಿದ. ಅದು ಹುಡುಗನಲ್ಲ, ಕೋತಿ. ಮಿನೋವನ್ ಚಿತ್ರಕಾರರು ಕೋತಿಯನ್ನು ನೀಲಿಯಲ್ಲಿ ಬರೆಯುತ್ತಿದ್ದರು.

ಮಗಳು ಜೋರಾಗಿ ನಕ್ಕಳು. ಕಾವಲಿನವಳು ತಿರುಗಿ ನೋಡಿದಳು. ನನಗೆ ನಗು ಬರಲಿಲ್ಲ. ಬಾಲ ಆ ತುಂಡುಗಳಲ್ಲಿ ಮೊದಲಿನಿಂದಲೂ ಇತ್ತು. ಇವಾನ್ಸನ ಕಣ್ಣಿಗೆ ಅದು ಬೀಳಲಿಲ್ಲ, ಏಕೆಂದರೆ ಅವನಿಗೆ ಹುಡುಗ ಬೇಕಾಗಿದ್ದ. ಖಾಲಿ ಜಾಗದಲ್ಲಿ ನಾವು ತುಂಬುವುದು ಅಲ್ಲಿ ಏನಿತ್ತೆಂಬುದನ್ನಲ್ಲ, ನಮಗೆ ಏನು ಬೇಕೆಂಬುದನ್ನು.

ಈಗ ನನ್ನ ವಿಷಯ ಹೇಳಬಹುದು. 1996ರಲ್ಲಿ, ನಾನಿನ್ನೂ ಹೊಸ ಅಧ್ಯಾಪಕನಾಗಿದ್ದಾಗ, ಮೈಸೂರು ಸೀಮೆಯ ಒಬ್ಬ ನೀಲಗಾರರಿಂದ ಮೂರು ರಾತ್ರಿ ಒಂದು ಕಥನಗೀತೆಯನ್ನು ಟೇಪಿನಲ್ಲಿ ದಾಖಲಿಸಿದೆ. ತಂಬೂರಿ ಮೀಟುತ್ತ ಹಾಡುವ ಹಿರಿಯರು. ನನ್ನನ್ನು "ಮೇಷ್ಟ್ರೇ" ಎಂದು ಕರೆಯುತ್ತ, ನಡುನಡುವೆ ಹಾಡು ನಿಲ್ಲಿಸಿ, "ಬುಡ್ಡಿ ತಿರುಗ್ತಾ ಇದೆಯಾ ನೋಡ್ಕಳಿ" ಎನ್ನುವರು. ಟೇಪ್ ರೆಕಾರ್ಡರಿಗೆ ಅವರು ಇಟ್ಟ ಹೆಸರು ಬುಡ್ಡಿ. ಎರಡನೆಯ ರಾತ್ರಿ ಒಂದು ಕಡೆ ರೀಲು ಸಿಕ್ಕಿಹಾಕಿಕೊಂಡಿತ್ತು. ನಾನು ನೋಡಿಕೊಳ್ಳಲಿಲ್ಲ. ಬರೆದುಕೊಳ್ಳಲು ಕೂತಾಗ ಸುಮಾರು ಒಂದು ನಿಮಿಷದ ಹಾಡು ಇಲ್ಲವೆಂದು ತಿಳಿಯಿತು. ಮತ್ತೆ ಕೇಳಿ ಬರೆದುಕೊಳ್ಳೋಣವೆಂದು ಊರಿಗೆ ಹೋದರೆ ಅವರು ತೀರಿಕೊಂಡು ಎರಡು ತಿಂಗಳಾಗಿತ್ತು.

ಕಥೆಯಲ್ಲಿ ಅದು ಮುಖ್ಯವಾದ ಜಾಗ. ಗಂಡ ಮನೆ ಬಿಟ್ಟು ದೇವರ ಹಿಂದೆ ಹೊರಟಿದ್ದಾನೆ. ಹೊಸ್ತಿಲಲ್ಲಿ ನಿಂತ ಹೆಂಡತಿ ಮಾತಾಡುತ್ತಾಳೆ. ಅವಳ ಮಾತೇ ಟೇಪಿನಲ್ಲಿಲ್ಲ. ನಾನು ಹನ್ನೊಂದು ಸಾಲು ಬರೆದೆ. ಅದೇ ಲಯ, ಅದೇ ಪದ, ಅದೇ ಪಲುಕು. ಮೂರು ರಾತ್ರಿ ಕೇಳಿ ಕಿವಿ ತುಂಬಿತ್ತು, ಸಾಲುಗಳು ಸಲೀಸಾಗಿ ಬಂದವು. ಅವುಗಳಲ್ಲಿ ಅವಳು ಅಳುತ್ತಾಳೆ. ಒಕ್ಕಣೆ ಮುಗಿದು ಬರಿದಾದ ಕಣಕ್ಕೆ ತನ್ನ ಬಾಳನ್ನು ಹೋಲಿಸಿಕೊಂಡು, ಗಂಡನ ಪಾದ ಮುಟ್ಟಿ, ಒಳಗೆ ಹೋಗುತ್ತಾಳೆ. ಪುಸ್ತಕ 1998ರಲ್ಲಿ ಅಚ್ಚಾಯಿತು. ಚುಕ್ಕಿಯಿಲ್ಲ, ಅಡಿಟಿಪ್ಪಣಿಯಿಲ್ಲ, ಕಂಸವಿಲ್ಲ. ಹಾಡಿದವರ ಹೆಸರಿನ ಕೆಳಗೆ ನನ್ನ ಸಾಲುಗಳು.

ಪ್ರತಿವಾದ ನನಗೇ ಗೊತ್ತು, ವರ್ಷಗಟ್ಟಲೆ ನನಗೆ ನಾನೇ ಅದನ್ನು ಹೇಳಿಕೊಂಡಿದ್ದೇನೆ. ಬಾಯಿಮಾತಿನ ಕಾವ್ಯಕ್ಕೆ ಮೂಲಪಾಠವೆಂಬುದೇ ಇಲ್ಲ. ಹಾಡುವವರು ಪ್ರತಿ ರಾತ್ರಿ ಸಾಲು ಬದಲಿಸುತ್ತಾರೆ, ಹೊಸದು ಕಟ್ಟುತ್ತಾರೆ. ನಾನು ಕಟ್ಟಿದರೇನು ತಪ್ಪು? ತಪ್ಪು ಇಷ್ಟೇ: ಹಾಡುವವರು ಬದಲಿಸುವುದು ಎದುರಿಗೆ ಕೂತವರ ಮುಂದೆ. ಕಥೆ ಬಲ್ಲ ಮುದುಕಿಯೊಬ್ಬಳು "ಹಂಗಲ್ಲ ಕಣಪ್ಪ" ಎಂದರೆ ಅವರು ಉತ್ತರ ಹೇಳಬೇಕು. ನಾನು ಬದಲಿಸಿದ್ದು ಯಾರೂ ಎದುರಿಗಿಲ್ಲದ ಕೋಣೆಯಲ್ಲಿ, ಸತ್ತವರ ಹೆಸರಿನಲ್ಲಿ.

ಆರೇಳು ವರ್ಷದ ಮೇಲೆ ಅವರ ತಮ್ಮನ ಮಗ ಅದೇ ಭಾಗವನ್ನು ಜಾತ್ರೆಯಲ್ಲಿ ಹಾಡುವುದನ್ನು ಕೇಳಿದೆ. ಅಲ್ಲಿ ಅವಳು ಅಳುವುದಿಲ್ಲ. ಗಂಡನನ್ನು ತಡೆದು ನಿಲ್ಲಿಸಿ, ಸಾಲ ಯಾರು ತೀರಿಸಬೇಕು, ಮಳೆ ಬಂದರೆ ಉಳುವವರು ಯಾರು ಎಂದು ಬಾಯಿಗೆ ಬಂದಂತೆ ಬೈಯುತ್ತಾಳೆ. ಅವನು ಹೊರಡುವ ಮುಂಚೆ ಅವಳೇ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ಹೊರಟುಬಿಡುತ್ತಾಳೆ. ಜನ ನಗುತ್ತಿದ್ದರು, ಹೆಂಗಸರು ಹೌದು ಹೌದು ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಎದ್ದು ಬಂದೆ. ಕಳೆದ ವರ್ಷ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತನ್ನ ಅಧ್ಯಾಯವನ್ನು ತಂದು ತೋರಿಸಿದಳು. ಜನಪದ ಕವಿಯ ಹೆಣ್ಣಿನ ಸಹನೆಗೆ ಅವಳು ಕೊಟ್ಟ ಉದಾಹರಣೆ ನನ್ನ ಬರಿದಾದ ಕಣ. "ಚೆನ್ನಾಗಿ ಬರೆದಿದೀಯಮ್ಮ" ಎಂದೆ. ಅಷ್ಟೇ ಹೇಳಿದೆ.

ಮರುದಿನ ನಾವು ದಕ್ಷಿಣಕ್ಕೆ ಹೊರಟೆವು. ದಾರಿಯಲ್ಲಿ ಗೋರ್ತಿನ್. ಅಲ್ಲಿ ಆಲಿವ್ ಮರಗಳ ನಡುವೆ, ರೋಮನ್ನರ ಒಂದು ಸಭಾಭವನದ ಹಿಂದೆ, ಇಟ್ಟಿಗೆಯ ಮಾಡಿನ ಕೆಳಗೆ ಒಂದು ಗೋಡೆಯಿದೆ. ಕ್ರಿಸ್ತಪೂರ್ವ 5ನೇ ಶತಮಾನದ ಕಾನೂನು ಅದರ ಮೇಲೆ ಹನ್ನೆರಡು ಅಂಕಣಗಳಲ್ಲಿ ಕೊರೆದಿದೆ, ಆರುನೂರಕ್ಕೂ ಹೆಚ್ಚು ಸಾಲು. ಒಂದು ಸಾಲು ಬಲದಿಂದ ಎಡಕ್ಕೆ ಹೋದರೆ ಮುಂದಿನದು ಎಡದಿಂದ ಬಲಕ್ಕೆ. ಎತ್ತು ಹೊಲದ ಕೊನೆಗೆ ಹೋಗಿ ತಿರುಗಿ ಬರುವ ಹಾಗೆ. ಗ್ರೀಕರು ಈ ಬರವಣಿಗೆಗೆ ಇಟ್ಟ ಹೆಸರಿನ ಅರ್ಥವೂ ಅದೇ, ಎತ್ತಿನ ತಿರುವು. ಗೋಡೆಯ ಮೇಲೆ ಕೈಯಾಡಿಸುವಂತಿಲ್ಲ, ಕಣ್ಣಾಡಿಸಿದರೆ ಸಾಕು, ಉಕ್ಕೆ ಹೊಡೆದ ಹೊಲ ಕಾಣುತ್ತದೆ.

ಅದರಲ್ಲಿರುವುದು ಸಂಸಾರದ ವ್ಯಾಜ್ಯಗಳು. ಆಸ್ತಿ, ದತ್ತು, ಅತ್ಯಾಚಾರದ ದಂಡ, ವಿಚ್ಛೇದನ. ದಂಡದ ಮೊತ್ತ ಸ್ವತಂತ್ರಳಿಗೆ ಒಂದು, ಗುಲಾಮಳಿಗೆ ಅದರ ಎಷ್ಟೋ ಪಾಲು ಕಡಿಮೆ. ಆ ಕ್ರೌರ್ಯವನ್ನೂ ಕಲ್ಲು ಬಚ್ಚಿಡುವುದಿಲ್ಲ. ಗಂಡ ಹೆಂಡತಿ ಬೇರೆಯಾದರೆ ಅವಳು ತಂದ ಆಸ್ತಿ ಅವಳದು, ಆ ಆಸ್ತಿಯ ಫಸಲಿನಲ್ಲಿ ಅರ್ಧ ಅವಳದು, ಅವಳು ಮನೆಯಲ್ಲಿ ನೇಯ್ದ ಬಟ್ಟೆಯಲ್ಲಿ ಅರ್ಧ ಅವಳದು. ನೇಯ್ದ ಬಟ್ಟೆಯ ಮಾತು ಓದಿದಾಗ ನಮ್ಮ ಹಾಡಿನ ಹೆಂಗಸು ಸಾಲದ ಲೆಕ್ಕ ಕೇಳಿದ್ದು ನೆನಪಾಯಿತು. ಹಳೆಯ ಕಾಲದ ಹೆಣ್ಣು ಎಂದ ಕೂಡಲೇ ನಮಗೆ ಕಣ್ಣೀರು ಹೊಳೆಯುತ್ತದೆ. ಅವರಿಗೆ ಹೊಳೆಯುತ್ತಿದ್ದದ್ದು ಲೆಕ್ಕ.

ಲೆಕ್ಕದ ಮಾತಿಗೆ ಕ್ನೋಸಸ್ಸಿನಲ್ಲೇ ಇನ್ನೊಂದು ಸಾಕ್ಷಿಯಿದೆ. ಇವಾನ್ಸನಿಗೆ ಅಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕಿದವು. ಹಸಿ ಮಣ್ಣಿನವು. ಅರಮನೆಗೆ ಬಿದ್ದ ಬೆಂಕಿಯೇ ಅವನ್ನು ಸುಟ್ಟು ಗಟ್ಟಿ ಮಾಡಿ ನಮಗೆ ಉಳಿಸಿತು. ಅದರ ಭಾಷೆ ಗ್ರೀಕ್ ಅಲ್ಲವೆಂದು ಅವನು 1941ರಲ್ಲಿ ಸಾಯುವವರೆಗೂ ನಂಬಿದ್ದ. ಅಮೆರಿಕದ ಆಲಿಸ್ ಕೋಬರ್ ಚಿಹ್ನೆಗಳ ಅಂತ್ಯಪ್ರತ್ಯಯಗಳು ಹೇಗೆ ಬದಲಾಗುತ್ತವೆಂದು ತಾಳ್ಮೆಯಿಂದ ಪಟ್ಟಿ ಮಾಡಿ ದಾರಿ ತೋರಿದಳು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಲೀನಿಯರ್ ಬಿ ಎಂಬ ಆ ಲಿಪಿಯನ್ನು ಓದಿದ. ಅದು ಗ್ರೀಕೇ ಆಗಿತ್ತು. ಒಳಗೆ ಮಹಾಕಾವ್ಯ ಇರಲಿಲ್ಲ. ಕುರಿ, ಉಣ್ಣೆ, ಎಣ್ಣೆಯ ಲೆಕ್ಕ. ಒಂದು ಫಲಕದಲ್ಲಿ ಎಲ್ಲ ದೇವರುಗಳಿಗೂ ಸೇರಿ ಒಂದು ಕೊಡ ಜೇನು ಎಂದಿದೆ, ಅದರ ಕೆಳಗೆ ಚಕ್ರವ್ಯೂಹದ ಒಡತಿಗೆ ಒಂದು ಕೊಡ ಜೇನು ಎಂದು. ಲ್ಯಾಬರಿಂತ್ ಎಂದು ಪಂಡಿತರು ಓದುವ ಮಾತಿನ ಹಳೆಯ ರೂಪ ಅದು. ಅಲ್ಲಿ ಗೂಳಿತಲೆಯ ರಾಕ್ಷಸನಿಲ್ಲ, ಅವನನ್ನು ಕೊಲ್ಲುವ ಥೀಸಿಯಸನಿಲ್ಲ. ಆ ಕಥೆ ನಮಗೆ ಹೆಚ್ಚಾಗಿ ಬಂದಿರುವುದು ಗೆದ್ದ ಅಥೆನ್ಸಿನವರ ಬಾಯಿಂದ. ಕ್ರೀಟಿನ ಗುಮಾಸ್ತನ ಕೈಯಲ್ಲಿ ಇರುವುದು ಒಬ್ಬ ಒಡತಿ, ಒಂದು ಕೊಡ ಜೇನು. ನನಗೆ ಈ ಒಂದು ಸಾಲು ಇವಾನ್ಸನ ನಾಲ್ಕು ಸಂಪುಟಗಳಿಗಿಂತ ದೊಡ್ಡ ಕವಿತೆಯಾಗಿ ಕಾಣುತ್ತದೆ.

ಗೋರ್ತಿನ್ನಿನಿಂದ ಮುಂದೆ ಫೈಸ್ತೋಸ್. ಗುಡ್ಡದ ತುದಿ, ಕೆಳಗೆ ಮೆಸರಾ ಬಯಲು, ಉತ್ತರಕ್ಕೆ ಪ್ಸಿಲೊರಿಟಿಸ್ ಪರ್ವತ. ಇಟಲಿಯ ವಿದ್ವಾಂಸರು ಇಲ್ಲಿ ಅಗೆಯತೊಡಗಿದ್ದೂ 1900ರಲ್ಲೇ. ಆದರೆ ಅವರು ಕಂಬ ಎಬ್ಬಿಸಲಿಲ್ಲ, ಬಣ್ಣ ಬಳಿಯಲಿಲ್ಲ. ಮೊಣಕಾಲೆತ್ತರದ ಗೋಡೆಗಳು, ಅಗಲವಾದ ಮೆಟ್ಟಿಲು, ಖಾಲಿ ಅಂಗಳ. ಮೊದಲ ಅರ್ಧ ಗಂಟೆ ನನಗೆ ನಿರಾಸೆಯೇ ಆಯಿತು. ಯಾವುದು ಕೋಣೆ, ಯಾವುದು ಓಣಿ ಎಂದು ತಿಳಿಯುವುದಿಲ್ಲ. ಇವಾನ್ಸನ ಸಿಮೆಂಟು ನೋಡಿ ಬಂದಿದ್ದರಿಂದಲೇ ಇಲ್ಲಿನ ಅಡಿಪಾಯದ ಮೇಲೆ ಮಹಡಿಯನ್ನು ಊಹಿಸಿಕೊಳ್ಳಲು ಸಾಧ್ಯವಾಯಿತೆಂದು ಒಪ್ಪಿಕೊಳ್ಳಬೇಕು. ಆದರೆ ಇಲ್ಲಿ ಊಹೆ ನನ್ನದು, ನನ್ನದೆಂದು ನನಗೆ ಗೊತ್ತು. ಅಂಗಳದ ಮೆಟ್ಟಿಲ ಮೇಲೆ ಕೂತು ಮಗಳು ನೀರು ಕುಡಿಯುತ್ತ, "ಇಲ್ಲಿ ಯಾರೂ ನಮಗೆ ಏನೂ ಹೇಳ್ತಿಲ್ಲ ಅಲ್ವಾ ಅಪ್ಪ, ಚೆನ್ನಾಗಿದೆ" ಎಂದಳು.

1908ರಲ್ಲಿ ಲುಯಿಜಿ ಪೆರ್ನಿಯೆರ್ ಇಲ್ಲೇ ಒಂದು ಮಣ್ಣಿನ ಬಿಲ್ಲೆಯನ್ನು ಕಂಡ. ಅಂಗೈಗಿಂತ ಸ್ವಲ್ಪ ದೊಡ್ಡದು, ಎರಡೂ ಬದಿಗೆ ಸುರುಳಿಯಾಗಿ ಒತ್ತಿದ 241 ಚಿಹ್ನೆಗಳು, ಅವುಗಳಲ್ಲಿ ಬೇರೆ ಬೇರೆಯವು 45. ಇಂದಿನವರೆಗೆ ಯಾರೂ ಅದನ್ನು ಒಪ್ಪುವಂತೆ ಓದಿಲ್ಲ. ಕ್ರೀಟಿನಲ್ಲಿ ಅತಿ ಹೆಚ್ಚು ಮಾರಾಟವಾಗುವ ಚಿತ್ರಗಳಲ್ಲಿ ಇದೂ ಒಂದು: ಕಿವಿಯೋಲೆ, ಕೀ ಬಂಚು, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್. ಓದಲಾಗದ ಪಠ್ಯವನ್ನು ಜನ ಇಷ್ಟು ಪ್ರೀತಿಯಿಂದ ಮನೆಗೆ ಒಯ್ಯುತ್ತಾರೆಂದರೆ, ಅರ್ಥವಾಗದಿರುವುದನ್ನು ಓದುಗರು ಸಹಿಸಲಾರರೆಂಬ ನಮ್ಮ ಸಂಪಾದಕರ ಭಯ ಸುಳ್ಳು. ನನ್ನ ಪುಸ್ತಕದಲ್ಲಿ ಹನ್ನೊಂದು ಸಾಲು ಚುಕ್ಕಿ ಇದ್ದಿದ್ದರೆ ಯಾರೂ ಪುಸ್ತಕ ಕೆಳಗಿಡುತ್ತಿರಲಿಲ್ಲ.

ಫೈಸ್ತೋಸ್‌ನಿಂದ ಹತ್ತು ಕಿಲೋಮೀಟರಿಗೆ ಮತಲಾ ಕಡಲತೀರ. ಓರೆಯಾಗಿ ವಾಲಿದ ಬಂಡೆಯಲ್ಲಿ ಗೂಡುಗಳ ಹಾಗೆ ಗವಿಗಳು, ರೋಮನ್ ಕಾಲದಲ್ಲಿ ಸತ್ತವರನ್ನು ಇಡುತ್ತಿದ್ದ ಜಾಗ. 1960ರ ದಶಕದಲ್ಲಿ ಅಲ್ಲಿ ಹಿಪ್ಪಿಗಳು ಬಿಡಾರ ಹೂಡಿದ್ದರು. ಹಾಡುಗಾರ್ತಿ ಜೋನಿ ಮಿಚೆಲ್ 1970ರಲ್ಲಿ ಇಲ್ಲಿ ಕೆಲಕಾಲ ಇದ್ದಳು. ಈಗ ದಡದ ಉದ್ದಕ್ಕೂ ತಿಂಡಿಯಂಗಡಿಗಳು. ಮಗಳು ಈಜಲು ಹೋದಳು. ನಾನು ಒಂದು ಅಂಗಡಿಯಲ್ಲಿ ಕೂತು ದಾಕೋಸ್ ತರಿಸಿದೆ. ಗಟ್ಟಿ ಬಾರ್ಲಿ ರೊಟ್ಟಿಯ ಮೇಲೆ ತುರಿದ ಟೊಮೆಟೊ, ಗಿಣ್ಣು, ಆಲಿವ್ ಎಣ್ಣೆ. ಸ್ಪೀಕರಿನಲ್ಲಿ ಜೋರ್ಬಾ ಸಂಗೀತ ಬಂತು. ಪಕ್ಕದ ಮೇಜಿನವರು ಎದ್ದು ಹೆಗಲಿಗೆ ಕೈ ಹಾಕಿ ಕುಣಿದರು.

ನಿಕೋಸ್ ಕಜಾಂಟ್‌ಜಾಕಿಸನ ಕಾದಂಬರಿ 1946ರಲ್ಲಿ ಬಂತು. ನಮ್ಮ ತಲೆಮಾರಿನವರು ಓದಿದ ಕಾರ್ಲ್ ವೈಲ್ಡ್‌ಮನ್‌ನ ಇಂಗ್ಲಿಷ್ ಜೋರ್ಬಾ ಗ್ರೀಕಿನಿಂದ ಬಂದದ್ದಲ್ಲ, ಫ್ರೆಂಚ್ ಅನುವಾದದ ಅನುವಾದ. ಗ್ರೀಕಿನಿಂದಲೇ ಮಾಡಿದ ಪೀಟರ್ ಬೀನ್‌ನ ಇಂಗ್ಲಿಷ್ ಅನುವಾದಕ್ಕೆ 2014ರವರೆಗೆ ಕಾಯಬೇಕಾಯಿತು. ನಿಜವಾದ ಜೋರ್ಬಾಸ್ ಗಣಿ ತೋಡಿದ್ದು ಕ್ರೀಟಿನಲ್ಲಲ್ಲ, ದಕ್ಷಿಣ ಗ್ರೀಸಿನ ಮಾನಿಯಲ್ಲಿ. ಗ್ರೀಸಿನ ಹಳೆಯ ಕುಣಿತವೆಂದು ಲೋಕ ನಂಬಿರುವ ಸಿರ್ತಾಕಿ 1964ರ ಸಿನಿಮಾಕ್ಕಾಗಿ ಕಟ್ಟಿದ್ದು. ಇದಾವುದೂ ನನಗೆ ತಕರಾರಲ್ಲ. ಕಾದಂಬರಿಕಾರ ಊರು ಬದಲಿಸಬಹುದು, ಸಿನಿಮಾದವರು ಕುಣಿತ ಕಟ್ಟಬಹುದು. ಆದರೆ ಆ ಕುಣಿತಕ್ಕೆ ಮುಂಚೆ ಕಾದಂಬರಿಯಲ್ಲಿ ಒಬ್ಬ ವಿಧವೆಯ ಕೊಲೆಯಿದೆ. ಊರಿನ ಹುಡುಗನೊಬ್ಬ ಅವಳಿಗಾಗಿ ಪ್ರಾಣ ಕಳೆದುಕೊಂಡನೆಂದು ಊರೇ ಅವಳನ್ನು ಸುತ್ತುವರಿದು ಮುಗಿಸುತ್ತದೆ. ಜೋರ್ಬಾ ಅಡ್ಡ ನಿಂತರೂ ಆಗುವುದಿಲ್ಲ, ಓದಿದ ನಿರೂಪಕನಿಂದ ಏನೂ ಆಗುವುದಿಲ್ಲ. ಅವಳ ಒಳಗನ್ನು ಕಜಾಂಟ್‌ಜಾಕಿಸನೂ ನಮಗೆ ಹೆಚ್ಚು ತೋರಿಸುವುದಿಲ್ಲ. ಬದುಕನ್ನು ಅಪ್ಪಿಕೊಳ್ಳುವ ಗಂಡಸಿನ ಕಥೆಯಲ್ಲಿ ಅವಳು ಒಂದು ಖಾಲಿ ಜಾಗ. ಸ್ಪೀಕರಿನ ಸಂಗೀತ ಆ ಜಾಗವನ್ನೂ ಮುಚ್ಚಿಬಿಟ್ಟಿದೆ. ಮೂವತ್ತು ವರ್ಷ ಜೋರ್ಬಾ ಪಾಠ ಹೇಳಿದ ನಾನು ಆ ವಿಧವೆಯ ಬಗ್ಗೆ ತರಗತಿಯಲ್ಲಿ ಹತ್ತು ನಿಮಿಷ ಮಾತಾಡಿದ ನೆನಪಿಲ್ಲ.

ತುಂಬುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸೋಫೊಕ್ಲಿಸನ 'ಅಯಾಸ್' ನಾಟಕದ ನಾಯಕ ಇನ್ನೊಂದು ಗ್ರೀಕ್ ದ್ವೀಪ ಸಲಾಮಿಸ್‌ನವನು. ಬಿ.ಎಂ.ಶ್ರೀ. ಅದನ್ನು 1929ರಲ್ಲಿ 'ಅಶ್ವತ್ಥಾಮನ್' ಆಗಿ ಕನ್ನಡಕ್ಕೆ ತಂದಾಗ ಎಲ್ಲವನ್ನೂ ಬದಲಿಸಿದರು. ಹುಚ್ಚಿನಲ್ಲಿ ದನಗಳನ್ನು ಕೊಂದ ವೀರನ ಜಾಗಕ್ಕೆ ರಾತ್ರಿ ಪಾಂಡವರ ಬೀಡಿಗೆ ನುಗ್ಗಿದ ಗುರುಪುತ್ರ ಬಂದ. ಅದಕ್ಕಿಂತ ಧೈರ್ಯದ ಮರುನಿರ್ಮಾಣ ಕನ್ನಡದಲ್ಲಿ ಕಡಿಮೆ. ಆದರೆ ಅದನ್ನು ಸೋಫೊಕ್ಲಿಸನ ಮಾತೆಂದು ಯಾವ ಕನ್ನಡ ಓದುಗನೂ ತಪ್ಪು ತಿಳಿಯಲಿಲ್ಲ. ಹೆಸರೇ ಬದಲಾಗಿತ್ತು. ಕಟ್ಟಿದವರು ತಾವು ಕಟ್ಟಿದ್ದೆಂದು ಹೇಳಿದ್ದರು. ಅನುವಾದ, ರೂಪಾಂತರ, ಸಂಪಾದನೆ ಇವುಗಳ ನಡುವಿನ ಗೆರೆ ಪಾಂಡಿತ್ಯದ ಗೆರೆಯಲ್ಲ, ನಂಬಿಕೆಯ ಗೆರೆ.

ಕೊನೆಯ ದಿನ ಸಂಜೆ ಮತಲಾದ ಉತ್ತರಕ್ಕಿರುವ ಕೊಮೋಸ್ ತೀರಕ್ಕೆ ಹೋದೆವು. ಉದ್ದನೆಯ ಮರಳು, ಜನ ಕಡಿಮೆ. ಫೈಸ್ತೋಸ್‌ನವರು ಹಡಗು ಹತ್ತುತ್ತಿದ್ದ ಬಂದರು ಇಲ್ಲಿತ್ತು. ಟೊರಾಂಟೊ ವಿಶ್ವವಿದ್ಯಾಲಯದವರು 1976ರಿಂದ ಇಲ್ಲಿ ಅಗೆದಿದ್ದಾರೆ. ಈಗ ಸುತ್ತ ತಂತಿ ಬೇಲಿ, ಒಳಗೆ ಬಿಡುವುದಿಲ್ಲ. ಬೇಲಿಯಾಚೆಗೆ ದೊಡ್ಡ ಕಲ್ಲುಗಳ ಗೋಡೆಯ ಬುಡ, ಅದರ ಮೇಲೆ ಅರ್ಧ ಬಿದ್ದ ಮರಳು. ಈಚೆ, ಅದೇ ಮರಳಿನಲ್ಲಿ, ಕಡಲಾಮೆಗಳು ಮೊಟ್ಟೆಯಿಟ್ಟ ಜಾಗಗಳಿಗೆ ಸಣ್ಣ ಗುರುತು ನೆಟ್ಟಿದ್ದರು. ತುಳಿಯಬೇಡಿ, ಇಲ್ಲಿ ಏನೋ ಇದೆ ಎಂದಷ್ಟೇ ಆ ಗುರುತು ಹೇಳುತ್ತದೆ. ಒಳಗೆ ಎಷ್ಟು ಮೊಟ್ಟೆ, ಎಷ್ಟು ಮರಿ ಎಂದು ಹೇಳುವುದಿಲ್ಲ.

ಮಗಳು ಸಮುದ್ರದಿಂದ ಬಂದು ಟವಲ್ ಸುತ್ತಿಕೊಂಡು ಪಕ್ಕದಲ್ಲಿ ಕೂತಳು. ಅವಳಿಗೆ ಹನ್ನೊಂದು ಸಾಲಿನ ವಿಷಯ ಹೇಳಿದೆ. ಯಾರಿಗೂ ಹೇಳಿರಲಿಲ್ಲ, ಅವಳಮ್ಮನಿಗೂ. ಅವಳು ತುಸು ಹೊತ್ತು ಸುಮ್ಮನಿದ್ದಳು. "ಯಾವ ಪುಟ ಅಂತ ನೆನಪಿದೆಯಾ?" ಎಂದು ಕೇಳಿದಳು. ನೆನಪಿತ್ತು.

ಆದ್ದರಿಂದ ಈ ಬರಹ. ಆ ಪುಸ್ತಕದ 143ನೇ ಪುಟದಲ್ಲಿ, "ಹೊಸ್ತಿಲ" ಎಂಬ ಮಾತಿನಿಂದ ಶುರುವಾಗುವ ಸಾಲಿನಿಂದ ಮುಂದಿನ ಹನ್ನೊಂದು ಸಾಲುಗಳು ನನ್ನವು. ಅವುಗಳನ್ನು ಉದಾಹರಿಸಿದವರು ದಯವಿಟ್ಟು ತಿದ್ದಿಕೊಳ್ಳಬೇಕು. ಆ ಸಂಶೋಧನಾ ವಿದ್ಯಾರ್ಥಿನಿಗೆ ಫೋನ್ ಮಾಡಿ ಹೇಳಿದ್ದೇನೆ. ಅವಳು ಸಿಟ್ಟು ಮಾಡಿಕೊಂಡಳು, ಅದು ನ್ಯಾಯವೇ. ಮರುಮುದ್ರಣಕ್ಕೆ ಪ್ರಕಾಶಕರು ಒಪ್ಪಿದ್ದಾರೆ. ಹೊಸ ಮುದ್ರಣದಲ್ಲಿ ಆ ಜಾಗದಲ್ಲಿ ಹನ್ನೊಂದು ಸಾಲು ಚುಕ್ಕಿ ಇರುತ್ತದೆ. ಅನುಬಂಧದಲ್ಲಿ ತಮ್ಮನ ಮಗ ಹಾಡಿದ ಪಾಠ, ಅವರ ಹೆಸರಿನಲ್ಲಿ, ಅವರ ಒಪ್ಪಿಗೆ ಪಡೆದು. ಅಲ್ಲಿ ಅವಳು ಬೈದು, ಕೂಸನ್ನು ಎತ್ತಿಕೊಂಡು ಹೊರಡುತ್ತಾಳೆ. ನಾನು ಟೇಪ್ ಮಾಡಿಕೊಂಡ ಆ ರಾತ್ರಿ ದೊಡ್ಡಪ್ಪನವರೂ ಹಾಗೇ ಹಾಡಿದ್ದರೇ? ಬುಡ್ಡಿ ತಿರುಗಿರಲಿಲ್ಲ.